ಊದುಬತ್ತಿ ಹಿಡಿದು ಗಾಳಿ ಹುಡುಕಿದ್ದು

ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇರುವುದಿಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ದೇವರ ಗೂಡಿನ ಮುಂದೆ ಹಚ್ಚಿಟ್ಟ ಕಡ್ಡಿಯಿಂದ ಹೊರಟ ಎಳೆ ಒಂದು ಗೇಣಿನಷ್ಟು ದೂರ ಅಸೆಂಬ್ಲಿಗೆ ಹೊರಟ ಕಾನ್ವೆಂಟ್ ಹುಡುಗಿಯಂತೆ ಸೆಟೆದುಕೊಂಡು ನಡೆಯುತ್ತದೆ. ಆಮೇಲೆ ಯಾರೋ ಹೆಸರು ಹಿಡಿದು ಕರೆದಂತೆ ಒಂದು ಪಕ್ಕಕ್ಕೆ ವಾಲುತ್ತದೆ. ನನ್ನ ಕೋಣೆಯಲ್ಲಿ ಅದು ವಾಲುವುದು ಬಾಗಿಲಿನ ಕಡೆಗೆ. ಉಳಿದವರು ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ. ನಾನು ಕಣ್ಣು ಬಿಟ್ಟುಕೊಂಡು ಹೊಗೆಯನ್ನು ನೋಡುತ್ತೇನೆ, ಮತ್ತು ಸುಮ್ಮನೆ ಹೆದರುತ್ತೇನೆ.

ಹೆದರಿಕೆ ನನ್ನ ಹುಟ್ಟುಗುಣವೇನಲ್ಲ, ಸಂಪಾದಿಸಿದ್ದು. ಚಿನ್ನದ ಗಣಿಯ ಊರಾದ ಊರಿಗಾಮಿನ ಕಂಪನಿ ಬಂಗಲೆಗೆ ಸೊಸೆಯಾಗಿ ಬಂದ ಮೊದಲ ವಾರವೇ ಷೆಲ್ಫಿನ ಪಿಂಗಾಣಿ ತಟ್ಟೆಗಳು ತಾವಾಗಿಯೇ ಕಿಣಿಕಿಣಿ ಎಂದವು. ಮೈಲಿಯಾಳದ ಕಲ್ಲು ಒತ್ತಡ ತಡೆಯಲಾರದೆ ಸಿಡಿಯುವುದನ್ನು ನಮ್ಮಲ್ಲಿ ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ತಟ್ಟೆ ಅಲುಗಿದೊಡನೆ ಲೈನ್ ಮನೆಗಳ ಹೆಂಗಸರೆಲ್ಲ ಒಲೆಯನ್ನು ಬಿಟ್ಟು ಹೊಸ್ತಿಲಿಗೆ ಬಂದು, ಒಬ್ಬರನ್ನೊಬ್ಬರು ಮಾತನಾಡಿಸದೆ, ಸೈರನ್ ಕೂಗೀತೇ ಎಂದು ಕಿವಿಗೊಟ್ಟು ನಿಲ್ಲುವರು. ಕೂಗದಿದ್ದರೆ ಮತ್ತೆ ಒಲೆಗೆ. ನನಗೆ ಹಾಗೆ ಒಲೆಗೆ ಮರಳುವ ಧೈರ್ಯ ಬರಲಿಲ್ಲ. ವರಾಂಡದಲ್ಲೇ ಕುಳಿತು, ಕಾನ್ವೆಂಟಿನ ನನ್‌ಗಳು ಕಲಿಸಿದ್ದ ನಿಟಿಂಗ್ ಹಿಡಿದೆ. ಗಂಡ ಮೇಲೆ ಬರುವವರೆಗೆ ಹೆಣೆಯುವುದು, ಬಂದ ಮೇಲೆ ಎತ್ತಿಡುವುದು. ಬಯಲುಸೀಮೆಯ ಬಿಸಿಲಿನಲ್ಲಿ ನಮ್ಮ ಬಂಧುಬಳಗವೆಲ್ಲ ವರ್ಷವಿಡೀ ತೊಟ್ಟರೂ ಮುಗಿಯದಷ್ಟು ಸ್ವೆಟರುಗಳು ನನ್ನ ಭಯದಿಂದ ಹುಟ್ಟಿದವು.

ನಮ್ಮವರು ಗಣಿಯ ವೆಂಟಿಲೇಷನ್ ಆಫೀಸರು. ಕೆಳಗಿನ ಸುರಂಗಗಳಿಗೆ ಗಾಳಿ ಸರಿಯಾಗಿ ಹರಿಯುತ್ತಿದೆಯೇ, ಸ್ಫೋಟದ ನಂತರ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷ ಉಳಿದಿದೆಯೇ ಎಂದು ಅಳೆದು, ರುಜು ಹಾಕಿ, ಆಮೇಲೆ ಕೆಲಸಗಾರರನ್ನು ಒಳಗೆ ಬಿಡುವ ಜವಾಬ್ದಾರಿ. ಜನ ಅವರನ್ನು ‘ಗಾಳಿ ಸಾಹೇಬ್ರು’ ಎನ್ನುತ್ತಿದ್ದರು. ಗಾಳಿಯ ವಿಷಯದಲ್ಲಿ ಅವರದು ಭಕ್ತಿಯೇ ಸರಿ. ಎಷ್ಟಿದ್ದರೂ ಸಾಲದು, ಹೆಚ್ಚಾದರೆ ಕೇಡಿಲ್ಲ.

ತೊಂಬತ್ತರ ದಶಕದ ಆರಂಭವಿರಬೇಕು. ಗಣಿಯಲ್ಲಿ ಒಂದೊಂದೇ ವಿಭಾಗ ಬಾಗಿಲೆಳೆದುಕೊಳ್ಳುತ್ತಿತ್ತು, ಅವರ ಕೈಗೆ ಬಿಡುವು ಹೆಚ್ಚಿತ್ತು. ಬೆಂಗಳೂರಿನ ಗುಜರಿಯಿಂದ ಬಸವನಹುಳುವಿನ ಚಿಪ್ಪಿನಂಥ ಒಂದು ಕಬ್ಬಿಣದ ಮುದ್ದೆಯನ್ನು ಮಗುವಿನಂತೆ ಎತ್ತಿಕೊಂಡು ತಂದರು. ಟರ್ಬೋಚಾರ್ಜರ್ ಎಂದರು. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಫ್ಯಾನು ತಿರುಗಿ, ಒಳಬರುವ ಗಾಳಿಯನ್ನು ಒತ್ತೊತ್ತಿ ಇಂಜಿನ್ನಿಗೆ ತುರುಕುವ ಯಂತ್ರ. ಮೂವತ್ತು ವರ್ಷ ಫ್ಯಾನುಗಳ ಜೊತೆ ಬಾಳಿದ ಮನುಷ್ಯನಿಗೆ ಇದಕ್ಕಿಂತ ಮುದ್ದಾದ ಆಟಿಕೆ ಬೇಕೆ? ನಮ್ಮ ಹಳೆಯ ಕಾರಿನ ಹೊಟ್ಟೆಯನ್ನು ಎರಡು ತಿಂಗಳು ಬಗೆದು, ಅದನ್ನು ಒಳಗೆ ಕೂರಿಸಿ, ಬಾನೆಟ್ಟು ಮುಚ್ಚಿದರು. ಮುಚ್ಚುವ ದಿನ ಯಾವುದೋ ಸಾಮಾನು ಸಿಗಲಿಲ್ಲವೆಂದು ಷೆಡ್ಡಿನ ಡಬ್ಬಿಗಳನ್ನೆಲ್ಲ ತಡಕಿದ್ದು ನನಗೆ ನೆನಪಿದೆ. ‘ಇರಲಿ, ಸದ್ಯಕ್ಕೆ ಟೇಪ್ ಸುತ್ತುತ್ತೇನೆ’ ಎಂದದ್ದೂ ನೆನಪಿದೆ. ನಾನು ಆಗ ಸ್ವೆಟರಿನ ತೋಳು ಹೆಣೆಯುತ್ತಿದ್ದೆ.

ಬಂಗಾರಪೇಟೆಯಲ್ಲಿ ನನ್ನ ಅಕ್ಕನ ಮನೆ. ಐದಾರು ಸೀಮೆಹಸು, ಡೇರಿಗೆ ಹಾಲು, ಸಗಣಿ ಸಾರಿಸಿದ ಅಂಗಳ. ಅಕ್ಕನ ಮಗಳು ರತ್ನಳ ಮದುವೆಗೆ ಹತ್ತು ದಿನವಿತ್ತು. ಮನೆ ರೈಲ್ವೆ ಹಳಿಯ ಈಚೆಗೆ, ಛತ್ರ ಆಚೆಗೆ. ಮದುಮಗಳನ್ನು ಟರ್ಬೋ ಕಾರಿನಲ್ಲೇ ಛತ್ರಕ್ಕೆ ಕರೆದೊಯ್ಯುತ್ತೇನೆಂದು ನಮ್ಮವರು ಮಾತು ಕೊಟ್ಟಾಗಿತ್ತು. ಶನಿವಾರ ಅಲ್ಲಿನ ಬಾಷಾ ಎಂಬ ಮೆಕ್ಯಾನಿಕ್ಕಿನ ಷೆಡ್ಡಿಗೆ ಹೋಗಿ, ಹೊಗೆ ಅಳೆಯುವ ಮೀಟರಿನ ಕೊಳವೆಯನ್ನು ಸೈಲೆನ್ಸರಿಗೆ ತೂರಿಸಿ ಪರೀಕ್ಷಿಸಿದರಂತೆ. ಐಡಲ್‌ನಲ್ಲಿ, ಎಂದರೆ ಕಾರು ನಿಂತಲ್ಲೇ ಗುರುಗುಟ್ಟುವಾಗ, ಮುಳ್ಳು ಸೊನ್ನೆಯ ಪಕ್ಕದಲ್ಲೇ ಕೂತಿತ್ತು. ಕಾರ್ಬನ್ ಮಾನಾಕ್ಸೈಡ್ ಇಲ್ಲವೇ ಇಲ್ಲ. ಮನೆಗೆ ಬಂದು, ಶಿಫ್ಟಿನ ರಿಪೋರ್ಟ್ ಓದುವ ದನಿಯಲ್ಲಿ ‘ಪರ್ಫೆಕ್ಟ್‌ಲೀ ಸೇಫ್’ ಎಂದರು. ಗಣಿಯ ಮನುಷ್ಯನಿಗೆ ಸೊನ್ನೆಗಿಂತ ಶುಭವಾದ ಅಂಕಿ ಇಲ್ಲ.

ಮರುದಿನ ಅಕ್ಕನನ್ನು ಕೂರಿಸಿಕೊಂಡು ಛತ್ರ ನೋಡಲು ಹೊರಟೆವು. ರೈಲ್ವೆ ಗೇಟು ಮುಚ್ಚಿತ್ತು, ಒಂದು ರೈಲು ಹೋಯಿತು, ಗೇಟು ಎದ್ದಿತು. ಎದುರಿನ ಎತ್ತಿನ ಗಾಡಿಗೆ ದಾರಿ ಬಿಡಲು ನಮ್ಮವರು ಹಳಿಯ ಮೇಲೆ ಒಂದು ಗಳಿಗೆ ಕಾರು ನಿಧಾನಿಸಿದರು. ಇಂಜಿನ್ ಎರಡು ಸಲ ಬಿಕ್ಕಿತು, ನಡುಗಿತು, ಸತ್ತೇಹೋಯಿತು. ಚಾವಿ ತಿರುಗಿಸಿದರೆ ಕೆಮ್ಮು. ಮತ್ತೆ ತಿರುಗಿಸಿದರೆ ಅದೂ ಇಲ್ಲ. ಗೇಟಿನವನ ಕೋಣೆಯಲ್ಲಿ ಗಂಟೆ ಬಾರಿಸಿತು. ಆ ಗಂಟೆಯ ಅರ್ಥ ಬಂಗಾರಪೇಟೆಯ ಮಕ್ಕಳಿಗೂ ಗೊತ್ತು: ಇನ್ನೊಂದು ರೈಲು ಹೊರಟಿದೆ. ನನ್ನ ಕಡೆಯ ಬಾಗಿಲಿನ ಹಿಡಿಕೆ ನನ್ನ ಕೈಯಲ್ಲೇ ಇದ್ದರೂ ಅದನ್ನು ಯಾವ ಕಡೆಗೆ ಎಳೆಯಬೇಕೆಂಬುದು ಮರೆತುಹೋಗಿತ್ತು. ಎತ್ತಿನ ಗಾಡಿಯವನೂ ಇನ್ನಿಬ್ಬರೂ ಬಂದು ಹಿಂದಿನಿಂದ ನೂಕಿದರು. ‘ಜಲ್ದಿ ತಳ್ಳಲಾ, ಅಮ್ಮಾರು ಬಿಳುಚ್ಕಂಡವ್ರೆ’ ಎಂದು ಅವರಲ್ಲೊಬ್ಬ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಹಳಿ ದಾಟಿ, ಗೇಟು ಬಿದ್ದ ಮೇಲೂ ರೈಲು ಬರಲು ಇನ್ನೂ ಸಾಕಷ್ಟು ಹೊತ್ತಿತ್ತು, ನಿಜ. ಆದರೆ ಭಯಕ್ಕೆ ರೈಲ್ವೆ ಟೈಂಟೇಬಲ್ ಓದಲು ಬರುವುದಿಲ್ಲವಲ್ಲ.

ಅಕ್ಕ ಕಾರಿನಿಂದಿಳಿದು ಸೆರಗು ಕೊಡವಿಕೊಂಡಳು. ‘ನೋಡಿ, ನನ್ ಮಗಳ್ನ ಇದ್ರಾಗೆ ಕೂರ್ಸಲ್ಲ. ನೀವು ಬೇಜಾರು ಮಾಡ್ಕಂಡ್ರೂ ಸರಿ. ಎತ್ತಿನ ಗಾಡೀಲೇ ಓಗ್ತಾಳೆ’ ಎಂದಳು.

ಬಾಷಾ ಬಂದು ಬಾನೆಟ್ಟಿನೊಳಗೆ ತಲೆಹಾಕಿ, ತಲೆ ಹೊರತೆಗೆಯದೆಯೇ ತೀರ್ಪು ಕೊಟ್ಟ. ‘ಸಾರ್, ನಿನ್ನೇನೇ ಯೋಳಿದ್ನಲ್ಲಾ. ಸೊನ್ನೆ ಬತ್ತೈತೆ ಅಂದ್ರೆ ಒಳ್ಳೇದಲ್ಲ. ಲೀನ್ ಓಡ್ತೈತೆ. ಪೆಟ್ರೋಲ್ ಸಾಲ್ತಿಲ್ಲ, ಬರೀ ಗಾಳಿ ಕುಡ್ಕಂಡು ಒಟ್ಟೆ ಅಸ್ಕಂಡು ಕುಂತೈತೆ.’

‘ಗಾಳಿ ಜಾಸ್ತಿಯಾಗಿ ಯಾರಾದರೂ ಸತ್ತದ್ದುಂಟೇನಯ್ಯಾ?’ ಎಂದರು ನಮ್ಮವರು.

‘ಮನುಷ್ಯ ಸಾಯಲ್ಲ ಸಾರ್. ಇಂಜಿನ್ ಸಾಯ್ತದೆ.’

ಆ ವಾರದ ದಿನಗಳನ್ನು ಹೇಗೆ ವರ್ಣಿಸಲಿ? ಶಿಫ್ಟಿನಿಂದ ಬಂದವರೇ ಷೆಡ್ಡಿಗೆ. ಪೆಟ್ರೋಲ್ ಹೆಚ್ಚು ಹರಿಯಲೆಂದು ಕಾರ್ಬುರೇಟರಿನ ಜೆಟ್ ಬದಲಿಸಿದರು. ರಾಬರ್ಟ್‌ಸನ್‌ಪೇಟೆಯ ಏರಿನಲ್ಲಿ ಕಾರು ಕಪ್ಪು ಹೊಗೆ ಕಾರಿತು, ನಿಲ್ಲಿಸಿದೊಡನೆ ಮತ್ತೆ ಬಿಕ್ಕಳಿಕೆ. ಓಡುವಾಗ ಗುಂಡುಕಲ್ಲು, ನಿಂತಾಗ ರೋಗಿ. ನನಗೆ ಕಾರಿನ ಚಿಂತೆಗಿಂತ ಅವರ ಚಿಂತೆ ಹತ್ತಿತು. ಊಟದ ನಡುವೆ ಕೈ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದರು. ಒಂದು ಸಂಜೆ, ತಟ್ಟೆಯನ್ನೇ ನೋಡುತ್ತ, ‘ಸೊನ್ನೆ ಕಂಡು ಸೇಫ್ ಎಂದುಬಿಟ್ಟೆ. ನಿಮ್ಮಿಬ್ಬರನ್ನೂ ಹಳಿಯ ಮೇಲೆ ಕೂರಿಸಿದೆ. ಬಾನೆಟ್ಟು ಮುಚ್ಚುವ ದಿನ ಹುಡುಕಿದ ಆ ರಬ್ಬರು ಎಲ್ಲಿಟ್ಟೆ ಅನ್ನುವುದೂ ನೆನಪಿಲ್ಲ. ಕೆಳಗೆ ಏನೇನು ಮರೆತು ರುಜು ಹಾಕಿದ್ದೇನೋ’ ಎಂದರು. ನನ್ನ ಹೆದರಿಕೆ ನನಗೆ ಹಳೆಯ ನೆಂಟ. ಅವರ ಹೆದರಿಕೆಯನ್ನು ಮಾತ್ರ ನಾನು ಅದುವರೆಗೂ ಕಂಡಿರಲಿಲ್ಲ. ಕಂಡಾಗ ನನ್ನ ಕಾಲ ಕೆಳಗೇ ಏರ್‌ಬ್ಲಾಸ್ಟ್ ಆದಂತಾಯಿತು.

ಗುರುವಾರ ಮಧ್ಯಾಹ್ನ ಪೂಜೆಯ ಗೂಡಿನಿಂದ ಊದುಬತ್ತಿಯ ಕಟ್ಟನ್ನೇ ಎತ್ತಿಕೊಂಡು ಹೋದರು. ಗಣಿಯಲ್ಲಿ ಗಾಳಿ ತಡೆಯುವ ಬಾಗಿಲುಗಳು ಎಲ್ಲಿ ಸೋರುತ್ತಿವೆಯೆಂದು ತಿಳಿಯಲು ಅವರು ಬಳಸುತ್ತಿದ್ದದ್ದು ಹೊಗೆಯನ್ನೇ. ಎಳೆ ವಾಲಿದ ಕಡೆ ಬಿರುಕು. ಅದೇ ವಿದ್ಯೆಯನ್ನು ಇಂಜಿನ್ನಿನ ಮೇಲೆ ಪ್ರಯೋಗಿಸುವ ಹಂಚಿಕೆ. ಪೆಟ್ರೋಲಿನ ಪಕ್ಕದಲ್ಲಿ ಉರಿಯುವ ಕೆಂಡ! ನೀವಾರೂ ಇದನ್ನು ಮನೆಯಲ್ಲಿ ಮಾಡಬೇಡಿ. ನನ್ನ ಕೈಗೆ ಮರಳು ತುಂಬಿದ ಕೆಂಪು ಬಕೆಟ್ಟು ಕೊಟ್ಟು, ‘ಏನಾದರೂ ಹತ್ತಿಕೊಂಡರೆ ಇಂಜಿನ್ನಿನ ಮೇಲೆ ಸುರಿ, ನನ್ನ ಮೇಲಲ್ಲ’ ಎಂದರು. ಜಪಸರ ಹಿಡಿದ ನನ್‌ನಂತೆ ನಾನು ಬಕೆಟ್ಟು ಹಿಡಿದು ನಿಂತೆ. ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿಯೂ ಅಜ್ಜಿ ಕಲಿಸಿದ ಆಂಜನೇಯನ ಶ್ಲೋಕವೂ ಒಂದರೊಳಗೊಂದು ಸಿಕ್ಕಿಕೊಂಡವು.

ಇಂಜಿನ್ ಗುರುಗುಟ್ಟುತ್ತಿತ್ತು. ಅವರು ಕಡ್ಡಿಯನ್ನು ಕೊಳವೆಯಿಂದ ಕೊಳವೆಗೆ, ಕ್ಲಿಪ್ಪಿನಿಂದ ಕ್ಲಿಪ್ಪಿಗೆ ಮೆಲ್ಲನೆ ಸರಿಸಿದರು. ಹೊಗೆ ನೆಟ್ಟಗೆ, ನೆಟ್ಟಗೆ, ನೆಟ್ಟಗೆ. ಕಾರ್ಬುರೇಟರಿನ ಕೆಳಗೆ ಪೆನ್ಸಿಲ್ ಗಾತ್ರದ ಒಂದು ತೆರೆದ ಕೊಳವೆಯ ಮೂತಿಯ ಬಳಿ ಬಂದಾಗ, ಎಳೆ ಥಟ್ಟನೆ ಬಾಗಿ ಒಳಗೆ ಹೊಕ್ಕು ಮಾಯವಾಯಿತು. ಟರ್ಬೋವಿನ ಬಿಸಿಗೆ ಟೇಪಿನ ಅಂಟು ಕರಗಿ, ಸುತ್ತು ಬಿಚ್ಚಿಕೊಂಡಿತ್ತು. ಅವರು ಅಲ್ಲಿ ಹೆಬ್ಬೆರಳಿಟ್ಟರು. ಇಂಜಿನ್ನಿನ ಬಿಕ್ಕಳಿಕೆ ನಿಂತು, ನಿದ್ದೆಹೋದ ಬೆಕ್ಕಿನಂತೆ ಸಮಾಧಾನದ ಗೊರಕೆ ಶುರುವಾಯಿತು. ಬೆರಳು ತೆಗೆದರು, ಬಿಕ್ಕಳಿಕೆ. ಇಟ್ಟರು, ಗೊರಕೆ.

ಕಡ್ಡಿ ಆರಿಸಿ ಅವರು ವಿವರಿಸಿದ್ದನ್ನು ನಾನು ಇಂದಿಗೂ ಬೈಬಲ್ ವಾಕ್ಯದಂತೆ ನೆನಪಿಟ್ಟಿದ್ದೇನೆ. ಏರಿನಲ್ಲಿ ಕಾರು ದುಡಿಯುವಾಗ ಟರ್ಬೋ ಒತ್ತುವುದರಿಂದ ಆ ತೂತಿನಲ್ಲಿ ಒಳಗಿನದು ಹೊರಗೆ ಸೋರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸುಮ್ಮನೆ ನಿಂತಾಗ ಮಾತ್ರ ಒಳಗೆ ನಿರ್ವಾತ. ಆಗ ಅದೇ ತೂತು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಲೆಕ್ಕವಿಲ್ಲದ ಗಾಳಿ, ಇದ್ದ ಪೆಟ್ರೋಲನ್ನು ತೆಳುವಾಗಿಸಿಬಿಡುತ್ತದೆ. ‘ಇದರ ಬಾಯಿಗೊಂದು ರಬ್ಬರ್ ಟೋಪಿ ಇತ್ತು. ಪುಟ್ಟದು, ಕಪ್ಪಗೆ. ಬಿಸ್ಕತ್ ಡಬ್ಬಿಯಲ್ಲೇ ಇಟ್ಟಿದ್ದೆ ಅನಿಸುತ್ತದೆ. ಇಟ್ಟಿರಲಿಲ್ಲವೋ ಏನೋ. ವಯಸ್ಸಾಯಿತು ಕಣೆ.’

ಬಕೆಟ್ಟನ್ನು ನಾನು ಕೆಳಗಿಟ್ಟೆ. ಪುಟ್ಟದು, ಕಪ್ಪಗೆ. ಹೆಣಿಗೆಯ ಸೂಜಿಯನ್ನು ಎತ್ತಿಡುವಾಗ ಕುಣಿಕೆಗಳು ಜಾರಿಹೋಗದಂತೆ ಅದರ ತುದಿಗೆ ಏನಾದರೊಂದು ಬಿರಡೆ ಸಿಕ್ಕಿಸುವುದು ನನ್‌ಗಳು ಕಲಿಸಿದ ಶಿಸ್ತು. ತಿಂಗಳ ಹಿಂದೆ ಬಿಸ್ಕತ್ ಡಬ್ಬಿಯಲ್ಲಿ ಹೇಳಿ ಮಾಡಿಸಿದಂಥ ಟೋಪಿಯೊಂದು ಸಿಕ್ಕಿ, ನಾನು ದೇವರ ಕೃಪೆಯನ್ನು ಕೊಂಡಾಡಿದ್ದೆ. ಗಂಡ ಸುರಕ್ಷಿತವಾಗಿ ಮೇಲೆ ಬರಲೆಂದು ಹೆಣೆಯುವ ಸ್ವೆಟರಿಗೋಸ್ಕರ ಅದೇ ಗಂಡನನ್ನು, ಅಕ್ಕನನ್ನು, ನನ್ನನ್ನು ರೈಲಿನ ಹಳಿಯ ಮೇಲೆ ನಿಲ್ಲಿಸಿದ್ದೆ.

ಹೇಳದೆ ಇರಬಹುದಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಅಂಥ ಟೋಪಿ ಹತ್ತಾರು ಸಿಕ್ಕುತ್ತಿದ್ದವು, ಮರ್ಯಾದೆಯೂ ಉಳಿಯುತ್ತಿತ್ತು. ವರಾಂಡದವರೆಗೆ ಹೋಗಿ, ಹೆಣಿಗೆಯನ್ನು ಕೈಗೆತ್ತಿಕೊಂಡು, ಅದನ್ನು ಟ್ರಂಕಿನಲ್ಲಿ ಬಚ್ಚಿಡಬೇಕೆಂದು ಎರಡು ನಿಮಿಷ ಯೋಚಿಸಿದೆನೆಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ಷೆಡ್ಡಿನಲ್ಲಿ ಕುಳಿತ ಮನುಷ್ಯ ತನ್ನ ನೆನಪನ್ನೇ ಅನುಮಾನಿಸುತ್ತಿದ್ದ. ಮರುದಿನ ಬೆಳಿಗ್ಗೆ ಅದೇ ಅನುಮಾನವನ್ನು ಹೊತ್ತು ಕೆಳಗಿಳಿಯುವವನಿದ್ದ. ಸೂಜಿ ಹಿಡಿದು ವಾಪಸು ಹೋಗಿ, ಅವರ ಕಣ್ಣೆದುರಿಗೇ ಟೋಪಿ ಕಿತ್ತೆ. ಕುಣಿಕೆಗಳು ಒಂದರ ಹಿಂದೊಂದು ಜಾರಿ, ಅರ್ಧ ತೋಳು ನನ್ನ ಮಡಿಲಿಗೆ ಬಿಚ್ಚಿಬಿತ್ತು.

‘ನೀವು ಇಟ್ಟಿದ್ದಿರಿ. ಡಬ್ಬಿಯಲ್ಲೇ ಇಟ್ಟಿದ್ದಿರಿ’ ಎಂದೆ.

ಅವರು ಟೋಪಿಯನ್ನು ಬಹಳ ಹೊತ್ತು ಅಂಗೈಯಲ್ಲಿ ತಿರುಗಿಸಿದರು. ಬೈಯುವರೆಂದು ಕಾದೆ. ‘ನಿನ್ನ ಸೂಜಿಯೂ ಐಡಲ್‌ನಲ್ಲೇ ಸೋರುತ್ತಿತ್ತೇನು?’ ಎಂದು ಕೇಳಿ, ವಾರದಲ್ಲಿ ಮೊದಲ ಬಾರಿ ನಕ್ಕರು. ಆ ಸಂಜೆ ಊಟದ ನಡುವೆ ಅವರ ಕೈ ನಿಲ್ಲಲಿಲ್ಲ.

ಶನಿವಾರ ಬಾಷಾನ ಮೀಟರಿನ ಮುಳ್ಳು ಸೊನ್ನೆಯನ್ನು ಬಿಟ್ಟು ಮೇಲೆದ್ದು, ಅವನು ತೋರಿಸಿದ ಗೀಟಿನಲ್ಲಿ ಅಲುಗದೆ ನಿಂತಿತು. ‘ಈಗ ಒಟ್ಟೆ ತುಂಬೈತೆ’ ಎಂದು ಅವನೇ ಹೋಗಿ ಅಕ್ಕನಿಗೆ ಜಾಮೀನು ನಿಂತ. ಅಕ್ಕ ನನ್ನ ಮುಖ ನೋಡಿದಳು. ‘ನೀನು ಮುಂದ್ಗಡೆ ಕುಂತ್ಕಂತೀಯಾ?’ ಎಂದಳು. ಕೂರುತ್ತೇನೆಂದೆ. ‘ಅಂಗಾದ್ರೆ ಸರಿ.’

ಮದುವೆಯ ಬೆಳಿಗ್ಗೆ ಗೇಟು ಮುಚ್ಚಿತ್ತು. ಹಿಂದಿನ ಸೀಟಿನಲ್ಲಿ ಬಾಸಿಂಗದ ರತ್ನ, ಪಕ್ಕದಲ್ಲಿ ಅಕ್ಕ. ನಮ್ಮವರು ಇಂಜಿನ್ ಆರಿಸಲಿಲ್ಲ, ಬೇಕೆಂದೇ. ನಾನು ಹೊಸ್ತಿಲಲ್ಲಿ ಸೈರನ್ನಿಗೆ ಕಿವಿಗೊಟ್ಟಂತೆ ಆ ಗುರುಗುಟ್ಟುವಿಕೆಗೆ ಕಿವಿಗೊಟ್ಟೆ. ರೈಲು ಹಾದುಹೋಯಿತು, ಅದರ ಸದ್ದಡಗಿದ ಮೇಲೂ ನಮ್ಮದು ಗೊರಕೆ ಹೊಡೆಯುತ್ತಲೇ ಇತ್ತು. ಗೇಟು ಎದ್ದಿತು. ಹಳಿ ದಾಟುವಾಗ ರತ್ನಳ ಬಳೆಗಳು ನಮ್ಮ ಷೆಲ್ಫಿನ ತಟ್ಟೆಗಳಂತೆ ಕಿಣಿಕಿಣಿ ಎಂದವು, ಅಷ್ಟೆ.

ಆಮೇಲೆ ಎಷ್ಟೋ ಆಯಿತು. ಕಾರು ಮಾರಿದ ದಿನ ನಮ್ಮವರು ಅದಕ್ಕೊಂದು ಹೊಸ ಟೋಪಿ ತೊಡಿಸಿ, ಹಳೆಯದನ್ನು ನನ್ನ ಹೆಣಿಗೆಯ ಬುಟ್ಟಿಗೆ ಹಾಕಿದರು. ಈಗ ಅವರೂ ಇಲ್ಲ. ದುಡಿಯುವ ವಯಸ್ಸಿನಲ್ಲಿ ನನ್ನ ಭಯವೆಲ್ಲ ಸ್ವೆಟರಾಗಿ ಹೊರಗೆ ಸೋರಿಹೋಗುತ್ತಿತ್ತೆಂದು, ಕೈ ಸುಮ್ಮನಾದ ಮೇಲೆ ಅದೇ ಸಂದಿನಿಂದ ಒಳಗೆ ಬರುತ್ತಿದೆಯೆಂದು, ಇಂಜಿನ್ನಿನ ಉಪಕಾರದಿಂದ ನನಗೆ ಅರ್ಥವಾಗಿದೆ. ಅರ್ಥವಾದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಇಂದು ಬೆಳಿಗ್ಗೆಯೂ ಹೊಗೆ ಬಾಗಿಲಿನ ಕಡೆಗೇ ವಾಲಿತು. ಮೊಣಕಾಲು ಹಿಡಿದುಕೊಂಡು ಎದ್ದು, ಕಡ್ಡಿಯನ್ನು ಕೈಯಲ್ಲಿ ತೆಗೆದುಕೊಂಡು, ಅವರು ಸರಿಸಿದಂತೆಯೇ ಮೆಲ್ಲನೆ ಚೌಕಟ್ಟಿನ ಉದ್ದಕ್ಕೂ ಸರಿಸಿದೆ. ನೆಟ್ಟಗೆ, ನೆಟ್ಟಗೆ, ಕೆಳಗಿನ ತಿರುಗಣಿಯ ಬಳಿ ಎಳೆ ಬಾಗಿ ಹೊರಗೆ ಹೋಯಿತು. ಹೆಬ್ಬೆರಳು ಸಾಲುವಷ್ಟೇ ಸಂದು. ಬೆರಳಿಟ್ಟೆ, ಹೊಗೆ ನೇರವಾಯಿತು. ಹಾಗೆಯೇ ಸ್ವಲ್ಪ ಹೊತ್ತು, ಕಡ್ಡಿ ಉರಿದು ಮುಗಿಯುವವರೆಗೆ, ಅಲ್ಲೇ ಕುಳಿತಿದ್ದೆ.