ಒಂದು ತೊಟ್ಟೂ ಎಣ್ಣೆಯಿಲ್ಲ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಫ್ರೈಸಕ್ಕ ಎಂದೇ. ಹತ್ತೊಂಬತ್ತು ವರ್ಷ ಕಾದ ಎಣ್ಣೆಯ ಮುಂದೆ ನಿಂತವಳು. ಫ್ರೀಜರಿನಿಂದ ಕಲ್ಲಿನಂತೆ ಬರುವ ಫ್ರೈಸಿನ ಆಲೂಗಡ್ಡೆ ತುಂಡುಗಳನ್ನು ಜಾಲರಿ ಬುಟ್ಟಿಗೆ ಸುರಿದು, ಅಂಟಿದ ಮಂಜನ್ನೆಲ್ಲ ಕೊಡವಿದ ಮೇಲೆಯೇ ಎಣ್ಣೆಗೆ ಇಳಿಸುವಳು. ಚೂರು ನೀರು ಸೇರಿದರೂ ಎಣ್ಣೆ ಸಿಡಿಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳ ಮೊದಲ ಪಾಠ: "ಈ ತುಂಡಿಗೂ ನೀರಿಗೂ ಆಗಿಬರಲ್ಲ, ನೆನಪಿಟ್ಕೊಳ್ಳಿ." ಜೊತೆಗೆ ಮೊಣಕೈವರೆಗಿನ ಸುಟ್ಟ ಕಲೆಗಳನ್ನು ತೋರಿಸುವಳು. ಯಾರೂ ಎದುರು ಮಾತಾಡುತ್ತಿರಲಿಲ್ಲ.

ಗಂಡ ಬಸ್ ಓಡಿಸುತ್ತಿದ್ದ. ಮಹಾ ತಿಂಡಿಪೋತ. ಅಂಥವನಿಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಕಿಟಕಿಯ ಪಕ್ಕದ ಕುರ್ಚಿ. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ ಎರಡು ಪುಟ ಬರೆದು ಕೊಟ್ಟರು. ಉಪ್ಪು ಬೇಡ, ಕರಿದದ್ದು ಬೇಡ. ಆಲೂಗಡ್ಡೆ ಬೇಕೇ ಬೇಕೆಂದರೆ ಅಪರೂಪಕ್ಕೆ ನಾಲ್ಕು ಚೂರು, ಅದೂ ಹೆಚ್ಚಿ, ಬಹಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ.

ಅವಳು ಓದಿದಳು, ನಿಜ. ಆದರೆ ಅದು ಮಣ್ಣು ಮೆತ್ತಿದ ಹಸಿ ಗಡ್ಡೆಯ ಮಾತು ಎಂದುಕೊಂಡಳು. ಪ್ಯಾಕೆಟಿನ ತುಂಡನ್ನು ನೀರಿಗೆ ಹಾಕುವವರು ಯಾರಾದರೂ ಉಂಟೇ? ತನ್ನ ಕಸುಬಿನಲ್ಲಿ ತನಗೇ ಪಾಠವೇ?

ಗಂಡ ತಟ್ಟೆಯನ್ನು ಹಾಗೇ ಬಿಟ್ಟು ಏಳತೊಡಗಿದ್ದ. ಒಂದು ಮಧ್ಯಾಹ್ನ ಮೆಲ್ಲಗೆ ಕೇಳಿದ, "ನಿನ್ನ ಕೈಯ ಫ್ರೈಸ್ ತಿಂದು ಎಷ್ಟು ದಿನ ಆಯ್ತೇ!"

ಅವಳ ಜೀವ ಚುರ್ ಎಂದಿತು. ಉಪ್ಪು ಸೇರಿಸದ ಪ್ಯಾಕೆಟ್ಟನ್ನೇ ಹುಡುಕಿ ತಂದಳು. ಅವನ್ನು ಮೊದಲೇ ಅರೆಬರೆ ಕರಿದಿರುತ್ತಾರೆ, ಮತ್ತೆ ಎಣ್ಣೆ ಬೇಕಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಓವನ್ ಚೆನ್ನಾಗಿ ಕಾಯಿಸಿ, ಒಂದಕ್ಕೊಂದು ತಾಗದಂತೆ ಹರಡಿ, ನಡುವೆ ಒಮ್ಮೆ ತಿರುವಿ ಹಾಕಿ, ಹೊಂಬಣ್ಣಕ್ಕೆ ತೆಗೆದಳು. ತಟ್ಟೆ ಖಾಲಿಯಾಯಿತು. ಆಮೇಲೆ ದಿನ ಬಿಟ್ಟು ದಿನ ಅದೇ ಆಯಿತು. ಕ್ಯಾಂಟೀನಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬೀಗಿದಳು.

ಎರಡು ತಿಂಗಳು ಕಳೆದಿತ್ತು. ಡಯಾಲಿಸಿಸ್‌ಗೆ ಎರಡು ದಿನ ಬಿಡುವಿದ್ದ ವಾರದ ಕೊನೆ ಮುಗಿದು, ಸೋಮವಾರ ಬೆಳಿಗ್ಗೆ ಅವನ ಕಾಲುಗಳು ಮೇಲೇಳಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎದೆಬಡಿತ ತಪ್ಪಿತು, ಆಮೇಲೆ ನಿಂತೇಹೋಯಿತು. ಏನು ತಿಂದಿದ್ದರು ಎಂದು ಡಾಕ್ಟರು ಕೇಳಿದಾಗ ಅವಳು, ಪಾಪ, ತಲೆಯೆತ್ತಿಯೇ ಹೇಳಿದಳು: "ಫ್ರೈಸ್ ಸಾರ್. ಆದ್ರೆ ಒಂದು ತೊಟ್ಟೂ ಎಣ್ಣೆಯಿಲ್ಲ, ಉಪ್ಪೂ ಇಲ್ಲ."

ಪಥ್ಯದ ಮೇಡಂ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಆಲೂಗಡ್ಡೆಯಲ್ಲಿ ಪೊಟ್ಯಾಸಿಯಂ ಇರುತ್ತದೆ. ಕುದಿಸಿ ಚೆಲ್ಲಿದರೆ ಒಂದಷ್ಟು ನೀರಿನ ಜೊತೆ ಹೋಗುತ್ತದೆ, ಓವನ್ನಿನಲ್ಲಿ ಒಳಗೇ ಉಳಿಯುತ್ತದೆ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯಕ್ಕೇ ಪೆಟ್ಟು. "ಅದರಿಂದಲೇ ಹೀಗಾಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲಮ್ಮ," ಎಂದರು. ಹೇಳದಿದ್ದರೂ ಅವಳಿಗೆ ಅರ್ಥವಾಗಿತ್ತು.

ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಮನೆಗೆ ಬಂದೊಡನೆ ಅದೇ ಪ್ರಶ್ನೆ: "ನಾನೇ ಕೊಂದ್ನೇನೇ?" ನೀನಲ್ಲ ಎಂದು ಒಮ್ಮೆ ಯಾರಾದರೂ ಹೇಳಿದರೆ ಸಾಕಿತ್ತು. ಮಗಳು ಮುಖ ತಿರುಗಿಸಿಬಿಡುತ್ತಿದ್ದಳು.

ಮೂರನೆಯ ವಾರ ಮಗಳು ತಡೆಯಲಾರದೆ ಅಮ್ಮನ ಮುಂದೆ ನೆಲದ ಮೇಲೆ ಕೂತಳು.

"ಅಮ್ಮಾ, ನಂಗೆ ಗೊತ್ತಿತ್ತು. ಆಸ್ಪತ್ರೆಯ ಆ ಪುಟಗಳನ್ನ ಓದಿ, ಈ ಫ್ರೈಸೂ ತಿನ್ನಬಾರದು ಅಂತ ಅಪ್ಪನಿಗೆ ಹೇಳಿದ್ದೆ. 'ನಂಗೂ ಗೊತ್ತು ಕಣೇ ಮಗಳೇ' ಅಂದ್ರು. 'ನಾನು ತಿನ್ನೋದನ್ನ ನಿಮ್ಮಮ್ಮ ಬಾಗಿಲಲ್ಲಿ ನಿಂತು ನೋಡ್ತಾಳಲ್ಲ, ಆ ಅರಳಿದ ಮುಖ ನೋಡಿದ್ದೀಯಾ? ಅಮ್ಮನಿಗೆ ಹೇಳಿದ್ರೆ ನಿನ್ ಜೊತೆ ಮಾತು ಬಿಡ್ತೀನಿ' ಅಂದ್ರು. ನಾನು ಬಾಯಿ ಮುಚ್ಕೊಂಡೆ. ಕೊಂದಿದ್ದು ನೀನಲ್ಲಮ್ಮ, ನಾನು."

ಫ್ರೈಸಕ್ಕನಿಗೆ ಮೈಯೆಲ್ಲ ಉರಿಯಿತು. ಹೊಡೆಯಲೆಂದು ಕೈ ಎತ್ತಿಯೂ ಎತ್ತಿದಳು. ಮಗಳು ತಲೆ ತಗ್ಗಿಸಿ ಹೊಡೆತಕ್ಕೆ ಕಾದು ಕೂತಿದ್ದಳು. ಇಷ್ಟು ದಿನ ಹಂಬಲಿಸಿದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಅದನ್ನು ಒಪ್ಪಿಕೊಂಡರೆ ಹೊರೆಯೆಲ್ಲ ಮಗಳ ಹೆಗಲಿಗೆ ಬೀಳುತ್ತದೆ, ಇವಳಿನ್ನೂ ಬಾಳಿ ಬದುಕಬೇಕಾದವಳು.

ಎತ್ತಿದ ಕೈಯಿಂದ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಸುಮ್ನಿರು. ಮಾಡಿದ್ದು ನಾನು, ತಿನ್ನಿಸಿದ್ದು ನಾನು. ಇನ್ಮೇಲೆ ಯಾರು ಕೇಳಿದ್ರೂ ಹಾಗೇ ಹೇಳು."