ಒಳಚಿಲಕ

ನಮ್ಮ ಬಚ್ಚಲುಮನೆಯ ಬಾಗಿಲಿನ ಒಳಮೈಯಲ್ಲಿ ಹನ್ನೊಂದು ವರ್ಷ ನಾಲ್ಕು ತೂತುಗಳಿದ್ದವು. ಒಂದು ಕಾಲಕ್ಕೆ ಅಲ್ಲಿ ಚಿಲಕವಿತ್ತು ಎಂಬುದಕ್ಕೆ ಉಳಿದಿದ್ದ ಸಾಕ್ಷಿ ಅವಷ್ಟೇ. ಸವೆದು ಬಿಲ್ಲೆಯಾದ ಸೋಪಿನ ಚೂರುಗಳನ್ನು ಆ ತೂತುಗಳಿಗೆ ತುರುಕುವುದು ನನ್ನ ಮಗಳು ಅಂಬಿಕಾಳ ನಿತ್ಯದ ಆಟ. ಕಡ್ಡಿ ಹಿಡಿದು ಅದನ್ನು ಕೆರೆದು ತೆಗೆಯುವುದು ನನ್ನ ನಿತ್ಯದ ಗೊಣಗಾಟ. ಮನೆಗೆ ಬಂದವರು ಬಾಗಿಲಿಗೆ ಬಕೆಟ್ಟನ್ನು ಅಡ್ಡ ಇಟ್ಟುಕೊಂಡು, ಒಳಗೆ ಜನರಿದ್ದಾರೆಂದು ತಿಳಿಸಲು ಆಗಾಗ ಕೆಮ್ಮುತ್ತ ಸ್ನಾನ ಮುಗಿಸಬೇಕಿತ್ತು. ನೆಂಟರು ನಮ್ಮಲ್ಲಿ ಎರಡನೆಯ ದಿನಕ್ಕೆ ನಿಲ್ಲದಿರುವುದಕ್ಕೆ ನನ್ನ ಬಾಯಿಯೇ ಕಾರಣವೆಂದು ನಮ್ಮ ಯಜಮಾನರು ಹೇಳುತ್ತಾರೆ. ಬಚ್ಚಲ ಬಾಗಿಲು ಕಾರಣವೆಂದು ನನ್ನ ವಾದ.

ಆ ಚಿಲಕ ಹೋದ ಕಥೆ ಇಷ್ಟೇ. ಅಂಬಿಗೆ ಆರು ವರ್ಷವಾಗಿದ್ದಾಗ ಒಂದು ಬೆಳಗ್ಗೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು, ತೆಗೆಯಲು ಬರಲಿಲ್ಲ. ಹುಟ್ಟಿನಿಂದಲೇ ಅವಳ ಬುದ್ಧಿಯ ನಡಿಗೆ ನಿಧಾನ; ಮಾತು ಬಂದದ್ದೂ ಆಗತಾನೆ. ಅವಳು ಒಳಗೆ ಅಳುತ್ತಿದ್ದಳು, ನಾನು ಹೊರಗೆ ಅರಚುತ್ತಿದ್ದೆ, ಅವರಪ್ಪ ಹಾರೆ ತಂದು ಮೀಟಿದರು. ಬಾಗಿಲು ರಪ್ಪನೆ ಒಳಕ್ಕೆ ಹೋಗಿ ಅದರ ಹಿಂದೆಯೇ ನಿಂತಿದ್ದ ಮಗುವಿನ ಹುಬ್ಬಿಗೆ ಬಡಿಯಿತು. ಇವತ್ತಿಗೂ ಅವಳ ಎಡ ಹುಬ್ಬಿನ ಮಧ್ಯೆ ಕೂದಲಿಲ್ಲದ ಒಂದು ಗೆರೆಯಿದೆ. ಅಂದೇ ತೀರ್ಮಾನವಾಯಿತು: ಈ ಮನೆಯಲ್ಲಿ ಇನ್ನು ಒಳಚಿಲಕ ಬೇಡ. ಅವಳ ಮೇಲೆ ಒಂದು ಕಿವಿ ಇಡಬೇಕಲ್ಲ, ಹಾಗಾಗಿ ನಾನೂ ಹನ್ನೊಂದು ವರ್ಷ ಬಾಗಿಲು ಓರೆ ಮಾಡಿಕೊಂಡೇ ಮೈ ತೊಳೆದುಕೊಂಡೆ.

ಹಾರನಹಳ್ಳಿಯ ಹತ್ತಿರ ನಮ್ಮ ಊರು. ಪಂಚಾಯಿತಿಯ ಗ್ರಂಥಾಲಯದಲ್ಲಿ ನನಗೆ ಕೆಲಸ. ಓದಲು ಬರುವವರು ಕಡಿಮೆ, ಆದ್ದರಿಂದ ನಾನೇ ಓದುತ್ತೇನೆ. ಮಕ್ಕಳನ್ನು ಬೆಳೆಸುವ ಬಗೆಗೆ ಅಲ್ಲಿ ಒಂದು ಕಪಾಟು ತುಂಬ ಪುಸ್ತಕಗಳಿವೆ. ಒಂದರಲ್ಲಿಯೂ ಬಚ್ಚಲ ಚಿಲಕದ ವಿಚಾರವಿಲ್ಲ. ಅಂಬಿ ಹುಣಸೂರಿನ ಒಂದು ವಿಶೇಷ ಶಾಲೆಗೆ ಹೋಗುತ್ತಾಳೆ. ಬಣ್ಣ ಗುರುತಿಸುತ್ತಾಳೆ, ಹೆಸರು ಬರೆಯುತ್ತಾಳೆ, ವಾರ್ಷಿಕೋತ್ಸವದಲ್ಲಿ ಕುಣಿಯುತ್ತಾಳೆ. ನಾವು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇವೆ. ಚಪ್ಪಾಳೆ ತಟ್ಟುತ್ತ ತಟ್ಟುತ್ತಲೇ ಹುಡುಗಿಗೆ ಹದಿನೇಳು ಕಳೆಯಿತು. ಬೀದಿಯಲ್ಲಿ ಸಿಕ್ಕವರು ಮಾತ್ರ ಈಗಲೂ ಅವಳ ಎದುರಿಗೇ "ಊಟ ಮಾಡುದ್ಲಾ ಇವ್ಳು?" ಎಂದು ನನ್ನನ್ನು ಕೇಳುತ್ತಾರೆ. ಕೇಳಿದವರ ಮೇಲೆ ನನಗೆ ಮೈ ಉರಿಯುತ್ತದೆ; ಅದಕ್ಕಿಂತ ಹೆಚ್ಚು ಉರಿಯುವುದು, "ಮಾಡುದ್ಲು" ಎಂದು ನಾನೇ ಉತ್ತರ ಕೊಟ್ಟುಬಿಡುತ್ತೇನಲ್ಲ, ಅದಕ್ಕೆ.

ಹೋದ ತಿಂಗಳು ಅವಳ ಶಾಂತಾ ಮಿಸ್ಸು ನನ್ನನ್ನು ಶಾಲೆಗೆ ಕರೆಸಿಕೊಂಡರು. ಹದಿನೆಂಟು ತುಂಬಿದರೆ ಶಾಲೆ ಮುಗಿಯಿತು, ಮುಂದೇನು ಎಂದರು. ಕೆ.ಆರ್. ನಗರದಲ್ಲಿ ಇಂಥ ಮಕ್ಕಳಿಗೆ ಅಡುಗೆಮನೆ ಕೆಲಸ ಕಲಿಸಿ, ಆಮೇಲೆ ಕೆಲಸವನ್ನೂ ಹುಡುಕಿಕೊಡುವ ಒಂದು ಕೇಂದ್ರವಿದೆ. ವಾರವೆಲ್ಲ ಅಲ್ಲೇ ವಾಸ. ಒಂದು ಜಾಗ ಖಾಲಿ ಇದೆ. ಷರತ್ತು ಒಂದೇ: ಸ್ನಾನಕ್ಕೆ, ಪಾಯಿಖಾನೆಗೆ ಒಬ್ಬಳೇ ಹೋಗಿ, ಚಿಲಕ ತಾನೇ ಹಾಕಿ, ತಾನೇ ತೆಗೆದು ಹೊರಗೆ ಬರಬೇಕು. ಅಲ್ಲಿ ಬಾಗಿಲು ಕಾಯುವವರು ಯಾರೂ ಇಲ್ಲ. ಚಿಲಕ ಹಾಕಲು ಬಾರದ ಹುಡುಗಿಯನ್ನು ಹತ್ತು ಜನರ ನಡುವೆ ಇಟ್ಟುಕೊಳ್ಳುವುದು ಅವಳಿಗೇ ಕ್ಷೇಮವಲ್ಲ ಎಂದರು ಮಿಸ್ಸು. ಎರಡು ವಾರ ಕಳೆದು ಬರುವ ಸೋಮವಾರದೊಳಗೆ ಹೌದೋ ಅಲ್ಲವೋ ಹೇಳಬೇಕು.

ಬಸ್ಸಿನಲ್ಲಿ ವಾಪಸು ಬರುವಾಗ ಅಂಬಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಈ ಜಾಗ ತಪ್ಪಿದರೆ ಇನ್ನೊಂದಿಲ್ಲ. ನಾನಿರುವಷ್ಟು ದಿನ ಅವಳು ನನ್ನ ಸೆರಗು ಹಿಡಿದಿರುತ್ತಾಳೆ. ಆಮೇಲೆ ಯಾರ ಸೆರಗು? ಇಂಥ ಮಕ್ಕಳ ತಾಯಂದಿರೆಲ್ಲ ಮಕ್ಕಳಿಗಿಂತ ಒಂದು ದಿನ ಹೆಚ್ಚಿಗೆ ಬದುಕಬೇಕೆಂದು ಬೇಡಿಕೊಳ್ಳುತ್ತೇವೆ. ಎಂಥ ಕೆಟ್ಟ ಹರಕೆ ನೋಡಿ ಅದು, ನಾನೂ ಹೊತ್ತಿದ್ದೇನೆ.

ತೆಳ್ಳನೆಯ ಚಿಲಕ ಹಾಕಿಸಿ, ತೊಂದರೆಯಾದರೆ ಹೊರಗಿನಿಂದ ಸ್ಕೇಲು ತೂರಿಸಿ ಎತ್ತುವಂತಿರಲಿ ಎಂದು ಮಿಸ್ಸು ಬಿಡಿಸಿ ಹೇಳಿದ್ದರು. ನಮ್ಮ ಯಜಮಾನರು ಪಿರಿಯಾಪಟ್ಟಣಕ್ಕೆ ಹೋಗಿ ಮುಂಬಾಗಿಲಿಗೆ ಹಾಕುವಂಥ ಹಿತ್ತಾಳೆಯ ಚಿಲಕ ತಂದರು. "ಎಣ್ಮಗ ಕಣಮ್ಮಿ, ಗಟ್ಟಿಯಾಗಿರ್ಲಿ ಅಂತ ತಂದೆ" ಎಂದರು. ಅದು ಯಾವ ಸ್ಕೇಲಿಗೂ ಏಳುವಂಥದ್ದಲ್ಲ; ಬೈಯಬೇಕೆಂದುಕೊಂಡವಳು ಆ ಮುಖ ನೋಡಿ ಸ್ಕ್ರೂಡ್ರೈವರ್ ತಂದುಕೊಟ್ಟೆ. ಮಿಸ್ಸು ಕೊಟ್ಟ ಎಂಟು ಚಿತ್ರದ ಹಾಳೆಗಳನ್ನು ಬಚ್ಚಲ ಗೋಡೆಗೆ ಸಾಲಾಗಿ ಅಂಟಿಸಿದೆವು: ಚಿಲಕ ಹಾಕು, ಬಟ್ಟೆ ತೆಗೆ, ನೀರು ಹುಯ್ದುಕೋ, ಸೋಪು ಹಚ್ಚು, ಮತ್ತೆ ನೀರು ಹುಯ್ದುಕೋ, ಒರೆಸಿಕೋ, ಬಟ್ಟೆ ಹಾಕಿಕೋ, ಚಿಲಕ ತೆಗೆ. ಒಂದು ವಾರ ನಾನೂ ಒಳಗೇ ನಿಂತು ಅಭ್ಯಾಸ ಮಾಡಿಸಿದೆ. ಚಿಲಕವನ್ನು ನೂರು ಸಲ ಹಾಕಿದಳು, ನೂರು ಸಲ ತೆಗೆದಳು. ಭಾನುವಾರ ಒಬ್ಬಳೇ ಹೋಗಬೇಕು, ನಾನು ಹೊರಗೆ ತುಟಿಪಿಟಕ್ಕೆನ್ನದೆ ನಿಲ್ಲಬೇಕು ಎಂದು ಮಿಸ್ಸಿನ ಅಪ್ಪಣೆಯಾಗಿತ್ತು.

ಭಾನುವಾರ ಬೆಳಗ್ಗೆ ಹದವಾಗಿ ಬೆರೆಸಿದ ನೀರಿನ ಎರಡು ಬಕೆಟ್ಟುಗಳನ್ನು ಒಳಗಿಟ್ಟೆ. ಅಂಬಿ ಹೋದಳು. ಚಿಲಕ ಕಟ್ಟನೆ ಬಿತ್ತು. ಆ ಸದ್ದಿಗೆ ನಾನು ಗೋಡೆ ಹಿಡಿದುಕೊಂಡೆ. ನೀರು ಹುಯ್ದುಕೊಳ್ಳುವ ಸದ್ದು, ಆಮೇಲೆ ಸೋಪು ಹಚ್ಚುವಷ್ಟು ಮೌನ, ಮತ್ತೆ ನೀರು. ಚೊಂಬು ನೆಲಕ್ಕಿಟ್ಟದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಒರೆಸಿಕೊಳ್ಳುತ್ತಿರಬೇಕು ಎಂದುಕೊಂಡೆ. ಕಾದೆ. ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಸೀದ ವಾಸನೆ ಬಂತು, ನಾನು ಕದಲಲಿಲ್ಲ. ಹಿತ್ತಲಿಂದ ಬಂದ ಯಜಮಾನರು ನನ್ನ ಮುಖ ನೋಡಿದ್ದೇ ತಡ, ಹೋಗಿ ಹಾರೆ ತಂದರು. ಹನ್ನೊಂದು ವರ್ಷದ ಹಿಂದಿನ ಅದೇ ಹಾರೆ.

"ಸರ್ಕಮ್ಮಿ ಅತ್ಲಾಗೆ. ಮೀಟಾಕ್ಬುಡ್ತೀನಿ."

"ರೀ, ಸುಮ್ಕಿರಿ. ನಿಮ್ ಕಾಲ್ಗೆ ಬೀಳ್ತೀನಿ, ಸುಮ್ಕಿರಿ" ಎಂದು ಪಿಸುಗುಟ್ಟಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಆಗ ಹೊಳೆಯಿತು ನನಗೆ: ಅಂದು ಮಗುವಿಗೆ ಗಾಯ ಮಾಡಿದ್ದು ಚಿಲಕವಲ್ಲ, ನಮ್ಮ ಹಾರೆ. ಶಿಕ್ಷೆಯಾದದ್ದು ಮಾತ್ರ ಚಿಲಕಕ್ಕೆ.

ಕಿವಿಯನ್ನು ಹಲಗೆಗೆ ಒತ್ತಿ ಹಿಡಿದೆ. ಒಳಗೆ ಹಲ್ಲು ಕಟಕಟಿಸುವ ಸದ್ದು. ಬಿದ್ದಿಲ್ಲ, ಅಳುತ್ತಿಲ್ಲ, ಚಳಿಗೆ ನಡುಗುತ್ತ ಸುಮ್ಮನೆ ಕೂತಿದ್ದಾಳೆ. ಯಾಕೆ? ಮರುಕ್ಷಣ ಗೊತ್ತಾಯಿತು. ಹನ್ನೊಂದು ವರ್ಷ, ಒಂದು ದಿನವೂ ತಪ್ಪದೆ, ಕೊನೆಯ ಚೊಂಬು ಸುರಿದ ಮೇಲೆ ನಾನು "ಸಾಕು ಬಾರಮ್ಮಿ" ಎನ್ನುತ್ತಿದ್ದೆ. ಅದನ್ನು ಕೇಳಿದ ಮೇಲೆಯೇ ಅವಳು ಏಳುತ್ತಿದ್ದದ್ದು. ಅಭ್ಯಾಸದ ವಾರದಲ್ಲೂ ಪ್ರತಿ ದಿನ ಅಂದಿದ್ದೇನೆ. ಉಸಿರಾಡುವಷ್ಟು ಸಹಜವಾಗಿದ್ದ ಆ ಮಾತು ಎಂಟು ಚಿತ್ರಗಳಲ್ಲಿ ಇರಲಿಲ್ಲ. ಮಿಸ್ಸಿಗೆ ಹೇಳಬೇಕೆಂದು ನನಗೂ ತೋಚಿರಲಿಲ್ಲ. ಸ್ನಾನ ಮುಗಿಯುವುದು ಅವ್ವನ ಬಾಯಲ್ಲಿ ಎಂದು ಅವಳು ತಿಳಿದಿದ್ದಳು.

ಆ ಎರಡು ಮಾತು ನನ್ನ ನಾಲಗೆಯ ತುದಿಯಲ್ಲೇ ಇದ್ದವು. ಅಂದರೆ ಸಾಕು, ಮಗು ಬೆಚ್ಚಗೆ ಬಟ್ಟೆ ತೊಟ್ಟು ಹೊರಗೆ ಬರುತ್ತದೆ. ಅಂದುಬಿಟ್ಟರೆ ನಾಳೆ ಮಿಸ್ಸಿಗೆ ಇಲ್ಲವೆನ್ನಬೇಕು, ಕೆ.ಆರ್. ನಗರದಲ್ಲಿ ಆ ಮಾತು ಹೇಳುವವರಿಲ್ಲ, ನಾನು ಸತ್ತ ಮೇಲೆ ಎಲ್ಲಿಯೂ ಇಲ್ಲ. ಹೆತ್ತ ಮಗಳು ಹಲಗೆಯಾಚೆ ನಡುಗುತ್ತಿರುವಾಗ ಬಾಯಿ ಮುಚ್ಚಿಕೊಂಡು ನಿಲ್ಲುವುದಕ್ಕೆ ಎಷ್ಟು ಕಲ್ಲೆದೆ ಬೇಕು, ನೀವೇ ಹೇಳಿ. ನನಗೆ ಅಂಥ ಎದೆ ಇರಲಿಲ್ಲ. ಸೆರಗನ್ನು ಮುದುರಿ ಬಾಯಿಗೆ ತುರುಕಿಕೊಂಡೆ. ಯಜಮಾನರು ಹಾರೆ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡರು.

ಆಗ ಒಳಗಿನಿಂದ ನನ್ನ ದನಿ ಕೇಳಿಸಿತು. ನನ್ನದೇ ರಾಗ, ನನ್ನದೇ ಸಿಡುಕು, ಕೊನೆಗೆ ನಾನು ಎಳೆಯುವಂತೆಯೇ ಒಂದು ಎಳೆತ.

"ಸಾಕು ಬಾರಮ್ಮೀ."

ಅಂಬಿ ತನಗೆ ತಾನೇ ಹೇಳಿಕೊಂಡಿದ್ದಳು. ಬಟ್ಟೆಯ ಸರಸರ ಕೇಳಿತು. ಚಿಲಕ ಅಲುಗಿತು, ಸಿಕ್ಕಿಕೊಂಡಿತು, ಮತ್ತೆ ಅಲುಗಿತು, ಜಾರಿತು. ಹೊರಗೆ ಬಂದವಳ ಉಡುಪಿನ ಹಿಂದು ಮುಂದಾಗಿತ್ತು, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮಿಬ್ಬರನ್ನೂ ಒಮ್ಮೆ ನೋಡಿ ಕೇಳಿದಳು:

"ಅಪ್ಪ, ಆರೆ ಯಾಕೆ?"

"ಗಿಡ ನೆಡಾದಿತ್ತು ಕಣವ್ವ" ಎಂದವರು ಹಾಗೆಯೇ ಹಿತ್ತಲಿಗೆ ಹೋಗಿ ನಿಜವಾಗಿಯೂ ಒಂದು ಗುಂಡಿ ತೋಡಿದರು. ಅದರಲ್ಲಿ ಏನು ನೆಡುವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಮಗಳನ್ನು ದೊಡ್ಡವಳು ಮಾಡುವುದೆಂದರೆ ಅವಳಿಗೆ ಏನೇನೋ ಕಲಿಸುವುದೆಂದು ತಿಳಿದಿದ್ದೆ. ಅಂದು ನಾನು ಕಲಿಸಿದ್ದು ಏನೂ ಇಲ್ಲ, ಸುಮ್ಮನಿದ್ದೆ ಅಷ್ಟೆ. ಬದುಕಿನಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು. ಸಂಜೆ ಮಿಸ್ಸಿಗೆ ಫೋನು ಮಾಡಿ ಹೌದೆಂದೆ.

ಮರುದಿನ ಬೆಳಗ್ಗೆ ಸ್ನಾನಕ್ಕೆ ಹೋದವಳು ರೂಢಿಯಂತೆ ಬಾಗಿಲು ಓರೆ ಮಾಡಲು ಹೋಗಿ ನಿಂತೆ. ಹಿತ್ತಾಳೆಯ ಚಿಲಕ ಪಳಪಳ ಹೊಳೆಯುತ್ತಿತ್ತು. ನಾಲ್ಕು ತೂತುಗಳು ಅದರಡಿಗೆ ಹೋಗಿದ್ದವು. ಅಂಚಿನಲ್ಲಿ ಹಳೆಯ ಸೋಪು ಬೆಳ್ಳಗೆ ಇಣುಕುತ್ತಿತ್ತು. ಮೆಲ್ಲಗೆ ಚಿಲಕ ಎಳೆದೆ. ಹನ್ನೊಂದು ವರ್ಷದ ಮೇಲೆ ಮೊದಲ ಬಾರಿಗೆ ಒಬ್ಬಳೇ ಇದ್ದೆ. ನೀರು ಹುಯ್ದುಕೊಳ್ಳುತ್ತ ಅಳು ಬಂತು. ಒಳ್ಳೆಯ ಜಾಗ, ಯಾರಿಗೂ ಕಾಣುವುದಿಲ್ಲ ಎಂದು ಮನಸಾರೆ ಅತ್ತೆ. ಮುಂದಿನ ತಿಂಗಳು ಈ ಮನೆಯಲ್ಲಿ ಇಂಥ ಹೊತ್ತಿಗೆ ಅವಳಿರುವುದಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ನೀರೆಲ್ಲ ತಣ್ಣಗಾಗಿತ್ತು.

ಹೊರಗಿನಿಂದ ಅಂಬಿಯ ಕೂಗು ಬಂತು.

"ಸಾಕು ಬಾರಮ್ಮೀ!"

ನಾನು ಎದ್ದೆ.