ಒರಟು ಮಗ್ಗಲು ಮೇಲಾದ ಫರಸಿ

ಸಾಂಗಲಿಯ ಪೇಟೆಯಲ್ಲಿ ಪಾಯಪ್ಪ ಅರಿಶಿನದ ಕೊಂಬು ಮುರಿದು ಒಳಬಣ್ಣ ನೋಡದೆ ದರ ಹೇಳಿದವನಲ್ಲ. ನೆಲಕ್ಕೆ ಫರಸಿಗಲ್ಲು ಹಾಸಲು ಸಲಗರೆಯಿಂದ ಬಂದ ಕಾಡಪ್ಪನನ್ನು ಹಾಗೆ ಮುರಿದು ನೋಡುವಂತಿರಲಿಲ್ಲ. ಹೊರಗಿನಿಂದಲೇ ಅಂದಾಜು ಮಾಡಿದ. ಆಳು ಸಣಕಲು, ಮೊಣಕಾಲೆರಡೂ ಜಡ್ಡುಗಟ್ಟಿವೆ, ಮಾತು ಕಡಿಮೆ, ಎಲೆ ಅಡಿಕೆ ಮಾತ್ರ ಇಬ್ಬರ ಪಾಲಿನದು. ನಡುತರದ ಮಾಲು ಎಂದುಕೊಂಡು ಅಡುಗೆಮನೆಗೆ ಕರೆದೊಯ್ದ.

ಅಲ್ಲಿಯ ಮಣ್ಣಿನ ನೆಲ ಬಿರುಕು ಬಿಟ್ಟು, ಬಿರುಕಿನಲ್ಲೆಲ್ಲ ಇರುವೆ ಗೂಡು. ಪಾಯಪ್ಪನ ತಾಯಿ ಚಂದ್ರಾಬಾಯಿಗೆ ಕಣ್ಣು ಹೋಗಿ ನಾಲ್ಕು ವರ್ಷ. ಕಾಲ ಕೆಳಗೆ ಯಾವ ಜೀವ ಸಾಯುತ್ತದೋ ಎಂದು ಹೆಜ್ಜೆಹೆಜ್ಜೆಗೂ ಅಳುಕುತ್ತಿದ್ದಳು. ಜೈನರ ಮನೆಯ ಹಿರಿಯಳಿಗೆ ಅದು ಸಣ್ಣ ಸಂಕಟವಲ್ಲ. ಕಲ್ಲು ಹಾಸಿಸು ಎಂದವಳೂ ಆಕೆಯೇ. ಆದರೆ ಒಲೆ ಎಲ್ಲಿ, ಹಂಡೆ ಎಲ್ಲಿ ಎಂದು ಆಕೆಯ ಕಾಲಿಗೆ ಹೇಳುತ್ತಿದ್ದದ್ದು ಆ ಮಣ್ಣಿನ ಉಬ್ಬುತಗ್ಗುಗಳೇ. ಐವತ್ತು ವರ್ಷ ಒಲೆ ಬಿಡದ ಅವ್ವ ಇನ್ನು ಪಡಸಾಲೆಯ ಮೂಲೆಯಲ್ಲಿ ಗಂಟಿನಂತೆ ಕೂರಬೇಕಾದೀತು ಎಂಬುದೇ ಪಾಯಪ್ಪನ ಅಂಜಿಕೆ. ಆದರೂ ಆತ ತರಿಸಿದ್ದು ತಿಕ್ಕಿ ಕನ್ನಡಿ ಮಾಡಿದ ಶಹಾಬಾದಿ ಫರಸಿ. ಮಿರಜದ ಬೀಗರ ಮನೆಯಲ್ಲಿ ಅದೇ ಇತ್ತಲ್ಲ.

ಮೊದಲ ದಿನ ಕಾಡಪ್ಪ ಸುತ್ತಿಗೆ ಮುಟ್ಟಲಿಲ್ಲ. ಚಂದ್ರಾಬಾಯಿ ಒಲೆಯಿಂದ ಹಂಡೆಗೆ, ಹಂಡೆಯಿಂದ ಬಾಗಿಲಿಗೆ ನಡೆಯುವುದನ್ನು ನೋಡುತ್ತ ಕೂತು, ಹೆಜ್ಜೆಗೊಂದರಂತೆ ಅಳತೆಯ ಹುರಿಗೆ ಗಂಟು ಹಾಕಿಕೊಂಡ.

"ಮದುವಿಗೆ ಬಂದೀಯೋ, ಕೆಲಸಕ್ಕ ಬಂದೀಯೋ?" ಎಂದ ಪಾಯಪ್ಪ.

"ಅವ್ವಾರ ಕಾಲು ನೋಡಾಕ ಬಂದೇನ್ರಿ."

ಮೂರನೆಯ ದಿನ ಅಂಗಡಿಯಿಂದ ಬಂದ ಪಾಯಪ್ಪ ನೋಡುತ್ತಾನೆ, ಹೊಸ್ತಿಲಿನಿಂದ ಒಲೆಯ ಹತ್ತಿರದವರೆಗೆ ಒಂದು ಪಟ್ಟಿ ಫರಸಿ ಬೋರಲು ಬಿದ್ದಿದೆ.

"ಏ ಕಾಡಪ್ಪಾ, ನುಣುಪಿನ ಮಗ್ಗಲ ಕೆಳಗ ಹಾಕೀಯಲ್ಲೋ. ನಿನ್ನ ಕಣ್ಣೂ ಹೋದುವೇನು?"

"ಹೊಳಪು ನಿಮಗ ಬೇಕಾಗಿತ್ರಿ ಸಾವಕಾರ್ರ, ಅವ್ವಾರಿಗೆ ಬೇಕಾದದ್ದು ದಾರಿ. ಒಲಿಗೆ ಒಂದು ಹೆಜ್ಜಿ ಉಳದಾಗ ಒರಟು ಮುಗೀತೈತಿ."

"ಬೀಗರು ನೋಡಿದ್ರ ನಗತಾರ."

"ಬೀಗರು ಬಂದು ರೊಟ್ಟಿ ಬಡೀತಾರೇನ್ರಿ?"

ಪೇಟೆಯಲ್ಲಿ ಯಾರಿಗೂ ಸೋಲದ ಪಾಯಪ್ಪ ಆ ಪಟ್ಟಿಯನ್ನು ಕೀಳಿಸದೆ ಅಂಗಡಿಗೆ ತಿರುಗಿ ಹೋದ.

ಸಂದುಗಳಿಗೆ ಗಾರೆ ತುಂಬಿ, ಅದು ಬಿಗಿದ ಮೇಲೆ ಒಂದು ಇಳಿಹೊತ್ತು ಚಂದ್ರಾಬಾಯಿ ಹೊಸ್ತಿಲ ಮೇಲೆ ನಿಂತಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ ಮನೆ. ಆಕೆ ತಡವರಿಸಿದರೆ ಸೊಸೆ ಒಲೆಗೆ ಹೋಗಬೇಕು. ಒಮ್ಮೆ ಹೋದ ಸೌಟು ಮತ್ತೆ ಅತ್ತೆಯ ಕೈಗೆ ಬರುವುದಿಲ್ಲ. ಚಂದ್ರಾಬಾಯಿ ಹೆಬ್ಬೆರಳಿನಿಂದ ಕಲ್ಲನ್ನು ತಡವಿದಳು. ನಡೆದಳು. ಒರಟು ಮುಗಿದಲ್ಲಿ ನಿಂತು, ಬಗ್ಗಿ ಕೈಚಾಚಿದಳು. ಒಲೆಯ ಅಂಚು ಅಂಗೈಗೆ ಸಿಕ್ಕಿತು. ಆಮೇಲೆ ನೆಲದ ಸಂದೊಂದನ್ನು ಸವರಿ ನೋಡಿದಳು. ಇರುವೆಗೆ ಎಡೆಯಿರಲಿಲ್ಲ.

"ಪಾಯಪ್ಪಾ, ಬಾಗಲದಾಗ ಉಸುರು ಬಿಗಿಹಿಡದು ನಿಂದರಬ್ಯಾಡ. ತಾಟ ಇಡು. ಕಾಡಪ್ಪಗೂ ಒಂದು."

ಪಾಯಪ್ಪ ಉಸಿರು ಬಿಟ್ಟ ಸದ್ದಿಗೆ ಅವನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಮೊದಲ ರೊಟ್ಟಿ ತಾಟಿಗೆ ಬಿದ್ದಾಗ ಹಿತ್ತಲ ಗೋಡೆಯ ಮೇಲೆ ಬಿಸಿಲು ಇನ್ನೂ ಇತ್ತು.

ಸಾಂಗಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗುವವರೆಗೂ, ಹನ್ನೊಂದು ವರ್ಷ, ಅವ್ವ ಅದೇ ಒಲೆಯ ಮುಂದೆ ರೊಟ್ಟಿ ಬಡಿದಳು. ಆ ಹನ್ನೊಂದು ವರ್ಷಕ್ಕೆ ಪಾಯಪ್ಪ ಕಾಡಪ್ಪನಿಗೆ ಋಣಿ.